ಎಡಗೈ ಅಪ್ಪನದು, ಬಲಗೈ ಅಮ್ಮನದು

ನಮ್ಮ ಮನೆಯಲ್ಲಿ ಊಟದ ಮೇಜು ಇತ್ತು, ಆದರೆ ಅದರ ಮೇಲೆ ಯಾರೂ ಊಟ ಮಾಡುತ್ತಿರಲಿಲ್ಲ. ಅಮೆರಿಕದಲ್ಲಿ, ಹ್ಯೂಸ್ಟನ್ ಹತ್ತಿರದ ಪೇರ್ಲ್ಯಾಂಡಿನ ಆ ಬಾಡಿಗೆ ಮನೆಗೆ ನಾವು ಬಂದಾಗ ಹಿಂದಿದ್ದವರು ಹೊರಲಾರದೆ ಬಿಟ್ಟುಹೋಗಿದ್ದ ದೊಡ್ಡ ಮೇಜು ಅದು. ಬಂದ ವಾರವೇ ಅಪ್ಪ ತಮ್ಮ ಜೆರಾಕ್ಸ್ ಹಾಳೆಗಳನ್ನು ಅದರ ಮೇಲೆ ಹರವಿದರು, "ಒಂದೆರಡು ದಿನ ಅಷ್ಟೇ" ಎಂದರು, ಆಮೇಲೆ ಆ ಹಾಳೆಗಳ ಮೇಲೆ ಬೇರೆ ಹಾಳೆಗಳು ಬಂದು ಕೂತವು. ನಾವು ಮೂವರೂ ಅಡುಗೆಮನೆಯ ಕಟ್ಟೆಗೆ ಒರಗಿ, ತಟ್ಟೆ ಕೈಯಲ್ಲಿ ಹಿಡಿದು ಉಣ್ಣುವುದನ್ನು ರೂಢಿಸಿಕೊಂಡೆವು. ನಿಂತುಕೊಂಡು ಸಾರನ್ನ ಉಣ್ಣುವುದೂ ಒಂದು ವಿದ್ಯೆಯೇ. ತಟ್ಟೆಯನ್ನು ಎದೆಯ ಕಡೆಗೆ ತುಸು ವಾಲಿಸಿಕೊಳ್ಳಬೇಕು, ಬಾಯಲ್ಲಿ ತುತ್ತಿರುವಾಗ ಜಗಳವಾಡಬಾರದು. ಮನೆಗೆ ಬಂದವರು "ಏನಿದು, ದಿನಾ ಬಫೆನಾ?" ಎಂದು ತಮಾಷೆ ಮಾಡುತ್ತಿದ್ದರು. ಅಮ್ಮ ಅವರ ಜೊತೆ ನಗುತ್ತಿದ್ದಳು, ಅವರು ಹೋದ ಮೇಲೆ ಮೇಜಿನ ಕಡೆ ಒಮ್ಮೆ ನೋಡಿ ಪಾತ್ರೆ ತೊಳೆಯಲು ಹೋಗುತ್ತಿದ್ದಳು.

ಈಗ ನಾನು ಡಲ್ಲಾಸಿನಲ್ಲಿದ್ದೇನೆ. ಇಲ್ಲಿ ಕನ್ನಡದವರ ಮನೆಯ ಅರಿಶಿನ ಕುಂಕುಮಕ್ಕೆ ಹೋದರೆ ಆರತಿಯ ಹೊತ್ತಿಗೆ ಯಾರಾದರೂ ನನ್ನ ಕಡೆ ತಿರುಗಿ, "ನಿಮ್ಮ ತಾಯಿ ಹಾಡೋರಲ್ವಾ, ನೀವೊಂದು ಹೇಳಿ" ಎನ್ನುತ್ತಾರೆ. ಗಂಟಲು ಕೆಟ್ಟಿದೆ ಎನ್ನುತ್ತೇನೆ. ಇಷ್ಟು ವರ್ಷ ಒಂದೇ ಸಮನೆ ಕೆಟ್ಟಿರುವ ಗಂಟಲನ್ನು ಯಾವ ಡಾಕ್ಟರೂ ಕಂಡಿರಲಾರರು. ಅಮ್ಮ ಹಾಡುತ್ತಿದ್ದಳು, ಅಪ್ಪ ಹಾಡಿನ ಬಗ್ಗೆ ಓದುತ್ತಿದ್ದರು, ನನಗೆ ಹಾಡುವುದೊಂದನ್ನು ಬಿಟ್ಟು ಬೇರೇನೂ ಬೇಕಿರಲಿಲ್ಲ. ಅಂಥ ಮನೆಯಲ್ಲಿ ಬೆಳೆದವಳು ಹಾಡದವಳಾದದ್ದು ಹೇಗೆ ಎಂದು ಕೇಳಿದರೆ ನಿಂತ ನಿಲುವಿನಲ್ಲಿ ಹೇಳಲು ಬರುವುದಿಲ್ಲ. ಕೂತು ಹೇಳಬೇಕಾದ ಕಥೆ ಅದು.

ಹಳೆಯ ಇಂಗ್ಲೆಂಡಿನಲ್ಲಿ ಮಕ್ಕಳಿಗೆ ಹಾಡುವುದನ್ನು ಹೇಗೆ ಕಲಿಸುತ್ತಿದ್ದರು ಎಂಬುದು ಅಪ್ಪನ ಸಂಶೋಧನೆಯ ವಿಷಯ. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಓದುವಾಗ ಕಾಲೇಜಿಗೆ ಹೋಗುವ ದಾರಿಯಲ್ಲೊಂದು ಚರ್ಚು ಇತ್ತಂತೆ. ಒಳಗೆ ಮಕ್ಕಳು ಒಟ್ಟಿಗೆ ಹಾಡುವುದನ್ನು ಕೇಳುತ್ತಾ ಕಾಂಪೌಂಡಿನ ಹೊರಗೆ ನಿಂತು ಎಷ್ಟೋ ಕ್ಲಾಸುಗಳನ್ನು ತಪ್ಪಿಸಿಕೊಂಡರಂತೆ. ಆ ಹುಚ್ಚು ಅವರನ್ನು ಆಸ್ಟಿನ್ನಿನ ಒಂದು ವಿಶ್ವವಿದ್ಯಾಲಯಕ್ಕೆ ತಂದು ಬಿಟ್ಟಿತು. ಅಮ್ಮನಿಗೆ ಹ್ಯೂಸ್ಟನ್ನಿನ ದೊಡ್ಡ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿದ್ದರಿಂದ ನಾವು ಪೇರ್ಲ್ಯಾಂಡಿನಲ್ಲಿ ಮನೆ ಮಾಡಿದೆವು. ಅಪ್ಪ ವಾರದ ನಡುವೆ ಬಸ್ಸಿನಲ್ಲಿ ಆಸ್ಟಿನ್ನಿಗೆ ಹೋಗಿ ಬರುತ್ತಿದ್ದರು, ಮಿಕ್ಕ ದಿನ ಮೇಜಿನ ಮುಂದೆ ಕೂತಿರುತ್ತಿದ್ದರು. ಥೀಸಿಸ್ ಯಾವಾಗ ಮುಗಿಯುತ್ತದೆ ಎಂದು ಯಾರಾದರೂ ಕೇಳಿದರೆ "ಮುಗೀತಾ ಬಂತು" ಎನ್ನುತ್ತಿದ್ದರು. ನಾನು ಅಕ್ಷರ ಕಲಿಯುವ ಮೊದಲೇ ಅದು ಮುಗೀತಾ ಬಂದಿತ್ತು.

ಆ ಕಾಲದ ಗುರುಗಳು ಮಕ್ಕಳ ಎಡಗೈಯನ್ನೇ ಹಲಗೆ ಮಾಡಿಕೊಂಡಿದ್ದರು ಎಂದು ಅಪ್ಪ ಹೇಳುತ್ತಿದ್ದರು. ಹೆಬ್ಬೆರಳ ತುದಿಯಲ್ಲಿ ಎಲ್ಲಕ್ಕಿಂತ ಕೆಳಗಿನ ಸ್ವರ. ಅಲ್ಲಿಂದ ಹೆಬ್ಬೆರಳು ಇಳಿದು, ಮಿಕ್ಕ ಬೆರಳುಗಳ ಬುಡದ ಸಾಲು ದಾಟಿ, ಕಿರುಬೆರಳು ಹತ್ತಿ, ತುದಿಗಳ ಮೇಲೆ ಹಾದು, ತೋರುಬೆರಳು ಇಳಿದು, ಸುತ್ತಿ ಸುತ್ತಿ ನಡುಬೆರಳಿನ ಮಧ್ಯಕ್ಕೆ ಬರುವಷ್ಟರಲ್ಲಿ ಮನುಷ್ಯರ ಗಂಟಲು ಮುಟ್ಟಬಹುದಾದ ಸ್ವರವೆಲ್ಲ ಮುಗಿಯುತ್ತದೆ. ಗೆಣ್ಣಿಗೊಂದು ಸ್ವರ. ಗುರು ತನ್ನ ಕೈಯ ಗೆಣ್ಣು ಮುಟ್ಟಿ ತೋರಿಸಿದರೆ ಶಿಷ್ಯ ಆ ಸ್ವರವನ್ನು ಹಾಡಬೇಕು. ಸ್ವರಗಳಿಗೆ ಇದ್ದ ಆರು ಹೆಸರುಗಳನ್ನು ಇಂಗ್ಲೆಂಡಿನವರು ಆಮೇಲೆ ನಾಲ್ಕಕ್ಕೆ ಇಳಿಸಿದರು: ಫಾ, ಸೋಲ್, ಲಾ, ಮಿ. ಮೇಲೇರುತ್ತಾ ಹೋದರೆ ಫಾ ಸೋಲ್ ಲಾ, ಮತ್ತೆ ಫಾ ಸೋಲ್ ಲಾ, ಕೊನೆಗೆ ಮಿ. ಏಳು ಸ್ವರಕ್ಕೆ ನಾಲ್ಕೇ ಹೆಸರು. ಇದನ್ನು ಮೊದಲ ಸಲ ಕೇಳಿದಾಗ ಅಮ್ಮ ಈಳಿಗೆ ಮಣೆಯ ಮುಂದೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದಳು.

"ಏಳು ಮಕ್ಕಳಿಗೆ ನಾಲ್ಕೇ ಹೆಸರಿಟ್ರೆ, ಕರೆದಾಗ ಯಾರು ಬರ್ತಾರೆ?"

"ಮಿ ಒಂದೇ ಒಂದು ಇರೋದು ವಸುಧಾ. ಅದನ್ನ ಗುರುತು ಹಿಡಿದ್ರೆ ಆಯ್ತು, ಮಿಕ್ಕಿದ್ದೆಲ್ಲ ಅದರ ಹಿಂದೆ ಸಾಲಾಗಿ ಬರುತ್ತೆ."

"ನಮ್ಮಲ್ಲಿ ಸ ಗಟ್ಟಿ ಮಾಡ್ಕೊಂಡ್ರೆ ಆಯ್ತು. ಹುಡುಕೋ ಕೆಲಸ ಇಲ್ಲ."

ಬೆಳಿಗ್ಗೆ ಸ್ಕೂಲ್ ಬಸ್ಸು ಬರುವ ಮುಂಚೆ ಅಪ್ಪನ ಪಾಠ. ಅಮ್ಮ ಆಗಲೇ ಕೆಲಸಕ್ಕೆ ಹೊರಟಿರುತ್ತಿದ್ದಳು. ಹಳೆಯ ಪಾಠಪುಸ್ತಕಗಳಲ್ಲಿ ಗುರು ಕೇಳುವುದು, ಶಿಷ್ಯ ಹೇಳುವುದು ಎಂಬ ಕ್ರಮವಿತ್ತೆಂದು ಅಪ್ಪನೂ ಹಾಗೆಯೇ ಮಾಡುತ್ತಿದ್ದರು. ಮೇಜಿನ ಆ ಬದಿಯಲ್ಲಿ ಅವರು, ಈ ಬದಿಯಲ್ಲಿ ನಾನು, ನಡುವೆ ಹಾಳೆಗಳ ರಾಶಿ, ನನ್ನ ಸೀರಿಯಲ್ ಬಟ್ಟಲಿಗೆ ಅಂಗೈಯಗಲ ಜಾಗ.

"ಮೇಧಾ, ಕಿರುಬೆರಳಿನ ಮೇಲಿನ ಗೆಣ್ಣು?"

"ಲಾ."

"ಅದರ ಮೇಲೆ, ತುದೀಲಿ?"

"ಮಿ. ಕ್ಯಾನ್ ಐ ಈಟ್ ನೌ?"

"ಹಾಡಿ ತಿನ್ನು."

ಹಾಡುತ್ತಿದ್ದೆ. ಅಪ್ಪನಿಗೆ ಬೇಕಾದದ್ದು ನೆಟ್ಟನೆಯ ಸ್ವರ, ಕುಲುಕದೆ ಬಳುಕದೆ ಹಿಡಿದ ಕಡೆ ನಿಲ್ಲುವ ಸ್ವರ. ನಾನು ಸರಿಯಾಗಿ ಹಿಡಿದಾಗ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಚರ್ಚಿನ ಕಾಂಪೌಂಡಿನ ಹೊರಗೆ ನಿಂತಿದ್ದ ಆ ಹುಡುಗ ನನಗೆ ಆಗ ಕಾಣುತ್ತಿದ್ದ. ಅವರನ್ನು ಹಾಗೆ ಕಣ್ಣು ಮುಚ್ಚಿಸಬೇಕೆಂದೇ ನಾನು ಅಷ್ಟೊಂದು ಗೆಣ್ಣುಗಳನ್ನು ಬಾಯಿಪಾಠ ಮಾಡಿದ್ದು. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ, ನಡುವೆ ಎಲ್ಲಿ ಮುಟ್ಟಿದರೂ ಬಾಯಿ ತಾನಾಗಿ ಹೇಳುವಷ್ಟು.

ಸಂಜೆ ಅಮ್ಮನ ಪಾಠ, ಅಡುಗೆಮನೆಯಲ್ಲಿ. ಕೆಲಸದಿಂದ ಬಂದು ಚೆನ್ನಾಗಿ ಉಜ್ಜಿ ಕೈತೊಳೆದುಕೊಂಡು, ದೇವರಿಗೆ ದೀಪ ಹಚ್ಚಿ, ಮಿಕ್ಸಿಯ ಪಕ್ಕದಲ್ಲಿದ್ದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಆನ್ ಮಾಡುತ್ತಿದ್ದಳು. ಎಷ್ಟು ತೊಳೆದರೂ ಅವಳ ಕೈಯಲ್ಲಿ ಆಸ್ಪತ್ರೆಯ ಸೋಪಿನ ವಾಸನೆ ಉಳಿದಿರುತ್ತಿತ್ತು. ಇವತ್ತಿಗೂ ಆಸ್ಪತ್ರೆಗೆ ಹೋದರೆ ನನಗೆ ಮಾಯಾಮಾಳವಗೌಳ ರಾಗ ನೆನಪಾಗುತ್ತದೆ. ಅವಳು ಒಂದು ಸಾಲು ಹಾಡುತ್ತಿದ್ದಳು, ನಾನು ಹಾಡುತ್ತಿದ್ದೆ, ಅವಳು ಮತ್ತೆ ಹಾಡುತ್ತಿದ್ದಳು. ಏನು ತಪ್ಪಾಯಿತು ಎಂದು ಹೇಳುತ್ತಿರಲಿಲ್ಲ. ಕೇಳಿದರೆ "ಇನ್ನೊಂದ್ಸಲ ಕೇಳಿಸ್ಕೋ" ಅನ್ನುವುದೇ ಅವಳ ವಿವರಣೆ. ಅವಳ ದನಿ ದೊಡ್ಡದಲ್ಲ. ಕುಕ್ಕರ್ ಕೂಗಿದರೆ ಮುಚ್ಚಿಹೋಗುವಷ್ಟೇ. ಆದರೆ ಆ ದನಿಯಲ್ಲಿ ಒಂದು ಸ್ವರ ಇನ್ನೊಂದಕ್ಕೆ ಹೋಗುವಾಗ ನಾನು ನನ್ನ ಸಾಲನ್ನೇ ಮರೆತು ಕೇಳುತ್ತಿದ್ದೆ. ಮೈಸೂರಿನಲ್ಲಿ ಮದುವೆಗೆ ಮುಂಚೆ ಅವಳು ಕಛೇರಿ ಕೊಟ್ಟಿದ್ದಳು. ಇಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ, ಅವಳಾಗಿ ಹೇಳಿಕೊಳ್ಳುವವಳೂ ಅಲ್ಲ. ಹೇಳಬೇಕಾದ್ದನ್ನೆಲ್ಲ ನನ್ನ ಬಾಯಿಂದ ಹೇಳಿಸಬೇಕೆಂದು ಅವಳಿಗಿತ್ತು.

ಜಗಳ ಶುರುವಾಗುತ್ತಿದ್ದುದು ಇಬ್ಬರೂ ಮನೆಯಲ್ಲಿರುವ ಶನಿವಾರಗಳಂದು.

"ನಿನ್ನ ಮಗಳು ಒಂದು ಸ್ವರದ ಮೇಲೆ ನೆಟ್ಟಗೆ ನಿಲ್ಲಲ್ಲ. ಬರೀ ಅಲ್ಲಾಡ್ತಾಳೆ."

"ನೆಟ್ಟಗೆ ನಿಲ್ಲೋಕೆ ಅವಳೇನು ಲೈಟ್ ಕಂಬಾನಾ? ಅಲ್ಲಾಡೋದಲ್ಲ ರೀ ಅದು, ಗಮಕ."

"ಗಮಕ ಆಮೇಲೆ ಬರಲಿ. ಮೊದಲು ಸ್ವರ ಯಾವ್ದು ಅಂತ ಗೊತ್ತಾಗ್ಬೇಕಲ್ಲ? ಹೇಳಿದ್ದನ್ನೇ ಹೇಳೋದು ಗಿಣಿ ಪಾಠ."

"ಹೌದು, ಗಿಣಿ. ನಿಮ್ಮ ಪಾಠದಲ್ಲಿ ಕೈ ನೋಡ್ಕೊಂಡು ಹಾಡ್ತಾಳೆ, ಕತ್ತಲಾದ್ರೆ ಏನ್ಮಾಡ್ತಾಳೆ?"

ಕೇಳುವವರಿಗೆ ಇದು ತಮಾಷೆಯೇ. ನನಗೂ ಕೆಲವು ಸಲ ನಗು ಬರುತ್ತಿತ್ತು. ಆದರೆ ಮಾತು ಹೀಗೆ ಶುರುವಾಗಿ ಥೀಸಿಸ್ಸಿಗೆ ಹೋಗುತ್ತಿತ್ತು, ಅಲ್ಲಿಂದ ಮೈಸೂರಿಗೆ, ಅಲ್ಲಿಂದ ಅಮ್ಮ ಬಿಟ್ಟುಬಂದದ್ದಕ್ಕೆ, ಅಪ್ಪ ಮುಗಿಸದೇ ಹೋದದ್ದಕ್ಕೆ. ಆಮೇಲೆ ಭಾನುವಾರವಿಡೀ ಮನೆಯಲ್ಲಿ ಪಾತ್ರೆಗಳ ಸದ್ದು ಮಾತ್ರ. ಅವರ ಜಗಳದ ಕೇಂದ್ರದಲ್ಲಿದ್ದದ್ದು ನನ್ನ ಗಂಟಲು. ಅದನ್ನು ಬಿಚ್ಚಿ ಮೇಜಿನ ಮೇಲಿಟ್ಟು ಹೊರಗೆ ಆಡಲು ಹೋಗುವ ಹಾಗಿದ್ದರೆ ಹೋಗಿಬಿಡುತ್ತಿದ್ದೆ.

ರಾಜಿ ಮಾಡಿಸಿದವರು ಸರೋಜಾ ಆಂಟಿ. ಧಾರವಾಡದವರು, ಕ್ಲಿಯರ್ ಲೇಕಿನಲ್ಲಿದ್ದರು, ಅವರ ಮನೆಯವರು ಅಲ್ಲಿನ ಬಾಹ್ಯಾಕಾಶ ಕೇಂದ್ರದಲ್ಲಿ ಎಂಜಿನಿಯರ್. ನಾವೆಲ್ಲ ಹೋಗುತ್ತಿದ್ದ ದೇವಸ್ಥಾನದ ಮಕ್ಕಳ ಕಾರ್ಯಕ್ರಮಗಳನ್ನೆಲ್ಲ ನಡೆಸುತ್ತಿದ್ದವರು ಅವರೇ. ಒಂದು ಶನಿವಾರ ಜಗಳದ ನಟ್ಟನಡುವೆ ಬಂದುಬಿಟ್ಟರು, ಕೈಯಲ್ಲಿ ಶೇಂಗಾ ಚಟ್ನಿಯ ಡಬ್ಬಿ. ನಿಂತಲ್ಲೇ ಎರಡೂ ಕಡೆಯ ವಾದ ಕೇಳಿದರು.

"ಇಷ್ಟ ಏನ್ರಿ? ಎಡಗೈ ನಿಮ್ಮವರಿಗೆ ಕೊಟ್ಟಬಿಡ್ರಿ ವಸುಧಾ, ಸ್ವರಾ ಇಟ್ಕೊಳ್ಳಿ ಅದರಾಗ. ತಾಳಾ ಹಾಕೂದು ಬಲಗೈಲೆ ಅಲ್ರಿ? ಅದು ನಿಮ್ಮದು. ಕೂಸಿಗೆ ಎರಡು ಕೈ ದೇವರು ಯಾಕ ಕೊಟ್ಟಾನ ಮತ್ತ?"

ಎಲ್ಲರೂ ನಕ್ಕರು. ನಕ್ಕದ್ದು ನಿಜವೂ ಆಯಿತು. ಅಂದಿನಿಂದ ನನ್ನ ಎಡಗೈ ಅಪ್ಪನದು, ಬಲಗೈ ಅಮ್ಮನದು. ಬೆಳಿಗ್ಗೆ ಎಡಗೈಯ ಗೆಣ್ಣುಗಳಲ್ಲಿ ಫಾ ಸೋಲ್ ಲಾ, ಸಂಜೆ ಬಲಗೈಯನ್ನು ತೊಡೆಗೆ ತಟ್ಟಿ, ಕಿರುಬೆರಳು, ಉಂಗುರಬೆರಳು, ನಡುಬೆರಳು ಎಂದು ಎಣಿಸುವ ಆದಿತಾಳ. ಒಂದರ ಸುದ್ದಿ ಇನ್ನೊಂದಕ್ಕಿಲ್ಲ. ಅಪ್ಪನ ಪಾಠದಲ್ಲಿ ಬಲಗೈಯ ತೋರುಬೆರಳು ಮಾತ್ರ ಎಡಗೈಗೆ ಹೋಗಬಹುದು, ಅಷ್ಟಕ್ಕೆ ಅಮ್ಮನ ಅನುಮತಿ ಇತ್ತು. ಮನೆಯಲ್ಲಿ ಶನಿವಾರಗಳು ತಣ್ಣಗಾದವು. ನನಗೆ ಆ ರಾಜಿ ಎಷ್ಟು ಹಿತವಾಗಿತ್ತೆಂದರೆ, ಹಲ್ಲುಜ್ಜುವಾಗ ಬ್ರಷ್ಷು ಯಾವ ಕೈಯಲ್ಲಿ ಹಿಡಿದರೆ ಯಾರಿಗೆ ಬೇಜಾರಾದೀತು ಎಂದೂ ಯೋಚಿಸುತ್ತಿದ್ದೆ.

ಆ ವರ್ಷ ದೇವಸ್ಥಾನದ ಸಂಗೀತೋತ್ಸವದಲ್ಲಿ ನಾನು ಒಬ್ಬಳೇ ಕೂತು ಹಾಡುವುದೆಂದು ಸರೋಜಾ ಆಂಟಿ ಗೊತ್ತು ಮಾಡಿದರು. ಅಮ್ಮ ನನ್ನ ಗುರುವಾಗಿ ಪಕ್ಕದಲ್ಲಿ ಕೂರಬೇಕು. ಅಮೆರಿಕಕ್ಕೆ ಬಂದ ಮೇಲೆ ಅವಳು ವೇದಿಕೆ ಹತ್ತಲಿದ್ದುದು ಅದೇ ಮೊದಲು. ಶಂಕರಾಭರಣದ ಒಂದು ಗೀತೆಯನ್ನು ಆರಿಸಿದಳು. ಬೇಕೆಂದೇ ಆರಿಸಿದಳು: ಅಪ್ಪನ ಫಾ ಸೋಲ್ ಲಾ ಏಣಿಯ ಮೆಟ್ಟಿಲುಗಳೂ ಶಂಕರಾಭರಣದ ಮೆಟ್ಟಿಲುಗಳೂ ಒಂದೇ. ಮಗುವಿನ ತಲೆಯಲ್ಲಿ ಎರಡು ಏಣಿ ಬೇಡ, ಒಂದೇ ಇದ್ದರೆ ಸುಲಭ ಎಂದುಕೊಂಡಳು. ಅಪ್ಪನಿಗೆ ಇದು ತಿಳಿದಾಗ ಅವರು ಮೇಜು ಬಿಟ್ಟೆದ್ದು ಅಡುಗೆಮನೆಗೆ ಬಂದರು. ಒಂದು ಭಾನುವಾರ ಅಮ್ಮನೂ ನಾನೂ ಗೀತೆ ಹಾಡುತ್ತಿದ್ದರೆ ಅಪ್ಪ ಫ್ರಿಜ್ಜಿಗೆ ಒರಗಿ ನಿಂತು ಕೆಳಗಿನ ಸ್ವರವೊಂದನ್ನು ಉದ್ದಕ್ಕೆ ಹಿಡಿದುಕೊಂಡರು, ನೆಟ್ಟಗೆ. ಅಮ್ಮ ಹಾಡುತ್ತಲೇ ಅವರ ಕಡೆ ತಿರುಗಿದಳು. ನಿಲ್ಲಿಸಿ ಎನ್ನುತ್ತಾಳೆಂದು ನಾನು ಹೆದರಿದೆ. ನಿಲ್ಲಿಸಿ ಎನ್ನಲಿಲ್ಲ. ಅವತ್ತು ಮೂವರ ದನಿ ಒಂದೇ ಅಡುಗೆಮನೆಯಲ್ಲಿತ್ತು, ಬಾಣಲೆಯಲ್ಲಿ ಒಗ್ಗರಣೆ ಸೀದುಹೋಯಿತು. ಸುಖವಾಗಿದ್ದೆ ಎಂದು ಖಂಡಿತವಾಗಿ ಹೇಳಬಲ್ಲ ದಿನ ನನ್ನ ಬಾಲ್ಯದಲ್ಲಿ ಅದೊಂದು.

ಉತ್ಸವದ ದಿನ ಬೆಂಗಳೂರಿನಿಂದ ತರಿಸಿದ ಹೊಸ ರೇಷ್ಮೆ ಲಂಗ ಹಾಕಿದ್ದರು. ಕಾಗದದ ಹಾಗೆ ಸರಬರ ಎನ್ನುವ ಲಂಗ, ಅಂಗೈಯಗಲದ ಜರಿ. ವೇದಿಕೆಯ ಪಕ್ಕದಲ್ಲಿ ನಮ್ಮ ಸರದಿಗೆ ಕಾಯುತ್ತಾ ನಾನು ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕಿ ನೋಡಿದೆ. ಜರಿ ಬೆರಳಿಗೆ ಚುಚ್ಚುತ್ತಿತ್ತು, ಬಟ್ಟೆ ಜಾರುತ್ತಿತ್ತು. ಅಮ್ಮ ನೋಡಿದಳು.

"ತೊಡೆ ಮೇಲೆ ಬೇಡ ಬಿಡು ಪುಟ್ಟಿ. ಎಡಗೈ ಮಡಿಲಲ್ಲಿಟ್ಕೊಂಡು ಅಂಗೈ ಮೇಲೆ ಹಾಕು."

ಎಷ್ಟೋ ಜನ ಹಾಗೆ ಹಾಕುತ್ತಾರೆ. ಅದರಲ್ಲೇನೂ ವಿಶೇಷವಿಲ್ಲ. ನಾವಿಬ್ಬರೂ ವೇದಿಕೆ ಹತ್ತಿ ಕೂತೆವು. ಮುಂದೆ ಮಡಚುವ ಕುರ್ಚಿಗಳ ತುಂಬ ಆಂಟಿಯರು, ಅಂಕಲ್‌ಗಳು, ಕ್ಯಾಮೆರಾ ಹಿಡಿದ ಅಪ್ಪಂದಿರು. ಹಿಂದಿನ ಬಾಗಿಲಿನಿಂದ ಪುಳಿಯೋಗರೆಯ ವಾಸನೆ. ನಮ್ಮ ಅಪ್ಪ ಮುಂದಿನ ಸಾಲುಗಳಲ್ಲೊಂದರ ಅಂಚಿನ ಕುರ್ಚಿಯಲ್ಲಿದ್ದರು, ಇಸ್ತ್ರಿ ಮಾಡಿದ ಅಂಗಿಯಲ್ಲಿ. ಸರೋಜಾ ಆಂಟಿ ಮೈಕಿನಲ್ಲಿ ನನ್ನ ಹೆಸರು ಹೇಳಿ, "ಈಕಿ ತಾಯಿನ ಈಕಿ ಗುರು ರೀ, ಮೈಸೂರಾಗ ಕಛೇರಿ ಮಾಡಿದವರು" ಎಂದರು. ಸಭೆಯಲ್ಲಿ ಒಂದು ಮೆಚ್ಚುಗೆಯ ಗುಸುಗುಸು ಆಯಿತು. ಅಮ್ಮ ಸೆರಗು ಸರಿಮಾಡಿಕೊಂಡಳು, ಅವಳ ಮುಖ ಕೆಂಪಾಗಿತ್ತು.

ಗೀತೆಯ ಸ್ವರಗಳನ್ನು ಶುರು ಮಾಡಿದೆ. ಮೊದಲ ಸುತ್ತು ಚೆನ್ನಾಗಿಯೇ ಹೋಯಿತು. ಎರಡನೆಯ ಸುತ್ತಿನಲ್ಲಿ ನನಗೆ ನನ್ನ ಕೈಯ ಅರಿವಾಯಿತು. ಬಲಗೈಯ ಕಿರುಬೆರಳು ಎಣಿಕೆಗೆಂದು ಇಳಿದು ಎಡಗೈಯ ಬೆರಳ ಬುಡವನ್ನು ಮುಟ್ಟಿತು. ಆ ಬುಡದಲ್ಲೊಂದು ಸ್ವರವಿತ್ತು, ಅಪ್ಪನದು. ಉಂಗುರಬೆರಳು ಇಳಿಯಿತು, ಅಲ್ಲಿ ಇನ್ನೊಂದು ಸ್ವರ. ಬಾಯಿ ಹಾಡಬೇಕಾದದ್ದು ಒಂದು, ಮುಟ್ಟಿದ ಗೆಣ್ಣು ಹಾಡು ಎನ್ನುತ್ತಿದ್ದುದು ಬೇರೊಂದು. ಬೇರೆ ರಾಗವಾಗಿದ್ದರೆ ಗೆಣ್ಣುಗಳು ಸುಮ್ಮನಿರುತ್ತಿದ್ದವೋ ಏನೋ. ಇದು ಅವುಗಳದ್ದೇ ಏಣಿ, ಅವು ಒಂದೊಂದೂ ಎದ್ದು ಕೂತವು. ಹೊಡೆತಕ್ಕೊಂದು ಸ್ವರ ಎದ್ದು ಬಂದು ನನ್ನ ಬಾಯಿಗೆ ಅಡ್ಡ ನಿಂತಿತು. ಧೈವತಕ್ಕೆ ಏರಬೇಕಾದ ಕಡೆ ನಾನು ನಿಂತೆ. ಶ್ರುತಿಪೆಟ್ಟಿಗೆ ಒಂದೇ ಗುಂಯ್ ಎನ್ನುತ್ತಿತ್ತು.

ಶಿಷ್ಯೆ ತಡವರಿಸಿದರೆ ಪಕ್ಕದಲ್ಲಿ ಕೂತ ಗುರು ಆ ಸಾಲನ್ನು ಮೆಲ್ಲಗೆ ಎತ್ತಿಕೊಡುವುದು ಪದ್ಧತಿ. ಯಾರೂ ಅದನ್ನು ತಪ್ಪೆಂದು ಎಣಿಸುವುದಿಲ್ಲ. ಅಮ್ಮ ಎತ್ತಿಕೊಡಲು ಉಸಿರು ತೆಗೆದುಕೊಂಡದ್ದು ನನಗೆ ಕೇಳಿಸಿತು. ಅಷ್ಟರಲ್ಲಿ ಅಪ್ಪ ಕುರ್ಚಿಯಿಂದ ಎದ್ದು ನಿಂತಿದ್ದರು. ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಬೆರಳು ಬಿಡಿಸಿ, ಬಲಗೈಯ ತೋರುಬೆರಳಿನಿಂದ ಕಿರುಬೆರಳಿನ ಮೇಲಿನ ಗೆಣ್ಣನ್ನು ಮುಟ್ಟಿ ತೋರಿಸಿದರು.

ನನ್ನ ಬಾಯಿ ಹೇಳಿತು: "ಲಾ."

ಗಟ್ಟಿಯಾಗಿ, ನೆಟ್ಟಗೆ, ಒಂದಿಷ್ಟೂ ಬಳುಕದೆ. ಆಮೇಲೆ ಅದು ನಿಲ್ಲಲಿಲ್ಲ. ಅಪ್ಪನ ಬೆರಳು ಗೆಣ್ಣಿನಿಂದ ಗೆಣ್ಣಿಗೆ ಇಳಿಯಿತು, ನಾನು ಆ ಸಾಲನ್ನು ಕೊನೆಯವರೆಗೆ ಸೋಲ್, ಫಾ, ಲಾ ಎಂದು ಹಾಡಿ ಮುಗಿಸಿದೆ. ದೇವರ ಎದುರು ಕೂತು, ಕುಂಕುಮ ಇಟ್ಟುಕೊಂಡು, ಮಲ್ಲಿಗೆ ಮುಡಿದುಕೊಂಡು. ಸಭೆ ನಕ್ಕಿತು. ಕೆಟ್ಟ ನಗುವಲ್ಲ, ಮಕ್ಕಳು ಸ್ಟೇಜಿನ ಮೇಲೆ ಬಿದ್ದಾಗ ನಗುವಂಥ ಪ್ರೀತಿಯ ನಗು. "ಸೋ ಕ್ಯೂಟ್" ಎಂದು ಯಾರೋ ಆಂಟಿ ಜೋರಾಗಿಯೇ ಹೇಳಿದರು. ಚಪ್ಪಾಳೆ ಬಿತ್ತು. ಅಮ್ಮನ ತಾಳದ ಕೈ ಗಾಳಿಯಲ್ಲಿ ನಿಂತಿತ್ತು. ಅವಳು ನನ್ನನ್ನು ನೋಡುತ್ತಿರಲಿಲ್ಲ, ಅಪ್ಪನನ್ನು ನೋಡುತ್ತಿದ್ದಳು. ನಾನೂ ನೋಡಿದೆ. ಅಪ್ಪನ ಕಣ್ಣು ಮುಚ್ಚಿತ್ತು. ಇಷ್ಟು ವರ್ಷ ಹಾಳೆಗಳಲ್ಲಿ ಹುಡುಕಿದ್ದು ತುಂಬಿದ ಸಭೆಯಲ್ಲಿ ಮಗಳ ಬಾಯಿಂದ ನಿಜವಾಗಿದ್ದಕ್ಕೆ ಅವರ ಮುಖದಲ್ಲಿ ಎಂಥ ಸಂತೋಷವಿತ್ತೆಂದರೆ, ಅವರು ಎಲ್ಲಿದ್ದಾರೆ ಎಂಬುದೇ ಅವರಿಗೆ ಮರೆತುಹೋಗಿತ್ತು. ಆ ಸಂತೋಷವನ್ನು ಅಮ್ಮ ನೋಡದೇ ಇದ್ದಿದ್ದರೆ ಎಲ್ಲವೂ ಸರಿಹೋಗುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮನೆಗೆ ಹೋಗುವ ದಾರಿಯಲ್ಲಿ ಕಾರು ಸಿಗ್ನಲ್ಲಿನಲ್ಲಿ ನಿಂತಾಗ ಅಪ್ಪ ಮೆಲ್ಲಗೆ ಬಾಯಿ ತೆಗೆದರು.

"ಸ್ವರ ಒಂದೂ ತಪ್ಪಲಿಲ್ಲ ವಸುಧಾ. ಅವಳು ಹಿಡಿದ ಲಾ ನಿನ್ನ ಧೈವತಾನೇ."

"ಗೊತ್ತು ರೀ" ಎಂದಳು ಅಮ್ಮ. "ನಂಗೆ ಕೇಳಿಸ್ತು."

ಅವಳು ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ನಾನು ಹಿಂದಿನ ಸೀಟಿನಲ್ಲಿ ಜಗಳಕ್ಕಾಗಿ ಕಾಯುತ್ತಾ ಕೂತಿದ್ದೆ, ಜಗಳ ಬರಲಿಲ್ಲ. ಮನೆಯಲ್ಲಿ ನನ್ನ ಮುಡಿಯಿಂದ ಹೂವು ಬಿಚ್ಚಿದಳು, ಲಂಗವನ್ನು ಮಡಿಸಿ ಕವರಿನಲ್ಲಿಟ್ಟಳು. ಐ ಆಮ್ ಸಾರಿ ಅಮ್ಮಾ ಎಂದೆ. "ನಿಂದೇನು ತಪ್ಪು? ಅಂಗೈ ಮೇಲೆ ಹಾಕು ಅಂದಿದ್ದು ನಾನೇ ಅಲ್ವಾ" ಎಂದು ನನ್ನ ಕೂದಲು ಬಾಚತೊಡಗಿದಳು. ಮಾರನೆಯ ಸಂಜೆ ಅಡುಗೆಮನೆಗೆ ಹೋದಾಗ ಮಿಕ್ಸಿಯ ಪಕ್ಕದಲ್ಲಿ ಶ್ರುತಿಪೆಟ್ಟಿಗೆ ಇರಲಿಲ್ಲ. ದೀಪ ಹಚ್ಚಿ ಆಗಿತ್ತು, ಅಮ್ಮ ಚಪಾತಿ ಹಿಟ್ಟು ಕಲಸುತ್ತಿದ್ದಳು. ಅಪ್ಪ ಬಾಗಿಲಲ್ಲಿ ನಿಂತಿದ್ದರು.

"ಇನ್ಮೇಲೆ ನೀವೇ ಹೇಳ್ಕೊಡಿ" ಎಂದಳು, ತಲೆ ಎತ್ತದೆ.

"ಹಾಗಂದ್ರೆ ಹೇಗೆ ವಸುಧಾ? ಒಂದು ದಿನ ಹೀಗಾಯ್ತು ಅಂತ..."

"ಸಿಟ್ಟಿಂದ ಹೇಳ್ತಿಲ್ಲ. ಇಬ್ಬರೂ ಎಳೆದಾಡಿದ್ರೆ ಆ ಗಂಟಲು ಉಳಿಯಲ್ಲ. ಒಬ್ಬರು ಬಿಡಬೇಕು. ನಿಮಗೆ ಇನ್ನೇನಿದೆ ಹೇಳಿ? ನೀವು ಇಟ್ಕೊಳ್ಳಿ."

ಅದನ್ನು ಅವಳು ಔದಾರ್ಯದಿಂದ ಹೇಳಿದಳು. ಅಪ್ಪನಿಗೆ ಅದು ಹೇಗೆ ಕೇಳಿಸಿತು ಎಂಬುದು ಅವರ ಮುಖದಲ್ಲಿ ಕಾಣುತ್ತಿತ್ತು. ಆಮೇಲೆ ಬೆಳಗಿನ ಪಾಠ ನಡೆಯಿತು, ನಡೆಯಲೇಬೇಕಿತ್ತು. ಅಪ್ಪನ ಹಳೆಯ ಗೈಡ್ ನಿವೃತ್ತರಾಗಿ ಹೊಸಬರು ಬಂದಿದ್ದರು, ಕೆಲಸ ಎಲ್ಲಿಗೆ ಬಂತು ಎಂದು ತೋರಿಸಿ ಎಂದಿದ್ದರು. ಅಪ್ಪ ತೋರಿಸಲು ನನ್ನನ್ನು ಆಸ್ಟಿನ್ನಿಗೆ ಕರೆದುಕೊಂಡು ಹೋದರು. ಕಿಟಕಿಯಿಲ್ಲದ ಒಂದು ಕೋಣೆಯಲ್ಲಿ ಅವರು ಗೆಣ್ಣು ಮುಟ್ಟುತ್ತಾ ಹೋದರು, ನಾನು ಹಾಡುತ್ತಾ ಹೋದೆ. ಒಂದೂ ತಪ್ಪಲಿಲ್ಲ. ಹೊಸ ಗೈಡ್ ನನ್ನ ಕೈ ಕುಲುಕಿ ಹೊಗಳಿದರು, ಆಮೇಲೆ ಅಪ್ಪನ ಕಡೆ ತಿರುಗಿ ಒಳ್ಳೆಯ ಮಾತಿನಲ್ಲೇ, ಇದು ಕೆಲಸ ಮಾಡುತ್ತದೆ ಎನ್ನುವುದು ಯಾವಾಗಿನಿಂದಲೂ ಗೊತ್ತಿರುವ ಸಂಗತಿ, ಇದರಲ್ಲಿ ನೀವು ಹೊಸದಾಗಿ ಹೇಳುತ್ತಿರುವುದೇನು ಎಂದು ಕೇಳಿದರು. ಅಪ್ಪ ಬಿಡಿಸಿದ್ದ ಬೆರಳುಗಳನ್ನು ಮಡಿಸಿ, ಹಾಳೆಗಳನ್ನು ಚೀಲಕ್ಕೆ ಹಾಕಿಕೊಂಡರು. ವಾಪಸು ಬರುವ ಬಸ್ಸಿನಲ್ಲಿ ನಾನು ಇಡೀ ಕೈಯನ್ನು ಮೆಲ್ಲಗೆ ಹಾಡಿ ತೋರಿಸಿದೆ, ಅವರು ಕಣ್ಣು ಮುಚ್ಚಲಿ ಎಂದು. ಅವರು ಕಿಟಕಿಯ ಹೊರಗೆ ನೋಡುತ್ತಾ "ಸಾಕು ಮಗೂ" ಎಂದರು.

ಆ ಬೇಸಿಗೆಯಲ್ಲಿ ಹಾಳೆಗಳೆಲ್ಲ ರಟ್ಟಿನ ಡಬ್ಬಗಳಿಗೆ ಹೋಗಿ ಗರಾಜು ಸೇರಿದವು. ಅಪ್ಪನಿಗೆ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಮೇಜು ತೆರವಾಯಿತು, ಅಮ್ಮ ಅದರ ಮೇಲೆ ಹೂವಿನ ಪ್ಲಾಸ್ಟಿಕ್ ಹಾಸು ಹಾಕಿದಳು, ನಾವು ಎಲ್ಲರ ಹಾಗೆ ಕೂತು ಊಟ ಮಾಡತೊಡಗಿದೆವು. ಸಾರು ಬೇಕಾ, ಬೇಡ, ಉಪ್ಪು ಹಾಕಿಕೊಳ್ಳಿ. ನಾನು ಅಮ್ಮನ ಹತ್ತಿರ ಹೋಗಿ ಪಾಠ ಹೇಳಿಕೊಡು ಎಂದರೆ "ಅಪ್ಪನ್ನ ಕೇಳು" ಎನ್ನುತ್ತಿದ್ದಳು. ಅಪ್ಪನನ್ನು ಕೇಳಿದರೆ "ಅಮ್ಮನ್ನ ಕೇಳು, ಅವಳ ಹತ್ರ ಇರೋದೇ ನಿಜವಾದ ಸಂಗೀತ" ಎನ್ನುತ್ತಿದ್ದರು. ಇಬ್ಬರೂ ಇನ್ನೊಬ್ಬರಿಗೆ ಬಿಟ್ಟುಕೊಟ್ಟಿದ್ದರು, ಪೂರ್ತಿ ಮನಸ್ಸಿನಿಂದ. ಅಷ್ಟು ವರ್ಷ ಎಳೆದಾಡಿದ ವಸ್ತುವನ್ನು ಎರಡೂ ಕಡೆಯವರು ಒಟ್ಟಿಗೆ ಕೈಬಿಟ್ಟರೆ ಅದು ಎಲ್ಲಿ ಬೀಳುತ್ತದೆ ಎಂದು ಯಾರೂ ನೋಡಲಿಲ್ಲ. ನಾನೊಬ್ಬಳೇ ಕೋಣೆಯಲ್ಲಿ ಹಾಡಲು ಪ್ರಯತ್ನಪಟ್ಟೆ. ಸ ಎಂದರೆ ಗೆಣ್ಣು ನೆನಪಾಗುತ್ತಿತ್ತು, ಫಾ ಎಂದರೆ ವೇದಿಕೆ ನೆನಪಾಗುತ್ತಿತ್ತು. ಸ್ವಲ್ಪ ದಿನದಲ್ಲಿ ಪ್ರಯತ್ನ ಬಿಟ್ಟೆ. ನಮ್ಮ ಮನೆ ಬೀದಿಯ ಬೇರೆ ಮನೆಗಳಂತಾಯಿತು. ಏಸಿಯ ಸದ್ದು, ಟೀವಿಯ ಸದ್ದು.

ಇದಾಗಿ ಒಂದು ವರ್ಷದ ಮೇಲಿರಬೇಕು. ಸಂಜೆ ಅಮ್ಮನ ಕಾರು ಡ್ರೈವ್‌ವೇಗೆ ಬಂದ ಸದ್ದು ಕೇಳಿಸಿತು, ಆದರೆ ಅವಳು ಒಳಗೆ ಬರಲಿಲ್ಲ. ನೋಡೋಣವೆಂದು ಬಾಗಿಲು ತೆಗೆದೆ. ಹ್ಯೂಸ್ಟನ್ ಕಡೆಯ ಆ ಜಿಗುಟು ಸೆಕೆ. ಕಾರಿನ ಗಾಜುಗಳೆಲ್ಲ ಏರಿದ್ದವು, ಎಂಜಿನ್ ಓಡುತ್ತಿತ್ತು. ಒಳಗೆ ಅಮ್ಮ ಹಾಡುತ್ತಿದ್ದಳು. ನನಗೆ ಒಂದು ಸ್ವರವೂ ಕೇಳಿಸುತ್ತಿರಲಿಲ್ಲ. ಕುತ್ತಿಗೆಯ ನರ ಉಬ್ಬಿತ್ತು, ಹುಬ್ಬು ಮೇಲೇರಿತ್ತು, ಬಲಗೈ ಸ್ಟೀರಿಂಗಿನ ಮೇಲೆ ತಾಳ ಹಾಕುತ್ತಿತ್ತು. ಅಡುಗೆಮನೆಯಲ್ಲಿ ಎಂದೂ ಅವಳು ಅಷ್ಟು ಬಾಯಿಬಿಟ್ಟು ಹಾಡಿದ್ದನ್ನು ನಾನು ಕಂಡಿರಲಿಲ್ಲ. ದಿನಾ ಹೀಗೇ ಹಾಡಿಕೊಂಡು ಬರುತ್ತಿದ್ದಳೇನೋ, ಮನೆ ಬಂದರೂ ಅವತ್ತು ಹಾಡು ಮುಗಿದಿರಲಿಲ್ಲವೇನೋ. ನಾನು ಹತ್ತಿರ ಹೋಗಿ ಗಾಜಿಗೆ ಕಿವಿ ಇಡಬೇಕೆಂದುಕೊಂಡೆ. ಅವಳು ತಿರುಗಿ ನನ್ನನ್ನು ನೋಡಿದಳು, ಬಾಯಿ ಮುಚ್ಚಿತು. ಎಂಜಿನ್ ಆಫ್ ಮಾಡಿ, ಬ್ಯಾಗು ಹುಡುಕಿ, ನಿಧಾನವಾಗಿ ಇಳಿದಳು. ನಾನು ಕನ್ನಡದಲ್ಲೇ ಕೇಳಿದೆ:

"ಯಾವ ರಾಗ ಅಮ್ಮಾ ಅದು?"

"ಯಾವ್ದು?" ಎಂದಳು. "ರೇಡಿಯೋ ಕೇಳ್ತಾ ಕೂತಿದ್ದೆ."

ಆ ಕಾರಿನ ರೇಡಿಯೋ ಕೆಟ್ಟು ಬಹಳ ಕಾಲವಾಗಿತ್ತು, ಅದು ನಮ್ಮಿಬ್ಬರಿಗೂ ಗೊತ್ತಿತ್ತು. ನಾನು ಹೌದಾ ಎಂದೆ, ಅವಳ ಕೈಯಿಂದ ಊಟದ ಡಬ್ಬಿ ತೆಗೆದುಕೊಂಡು ಅವಳ ಹಿಂದೆ ಒಳಗೆ ಬಂದೆ.